ಹಿತ್ತಿಲ ಮರದ ಶೆಡ್ಡಿಗೆ ಮಳೆಗಾಲಕ್ಕೆ ಮೊದಲು ಯಾವ ಎಣ್ಣೆ ಹೊಡೆಯೋದು?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರದ ಹತ್ತಿರ ಒಂದು ಹಳ್ಳಿ. ಮನೆ ಹಿಂದೆ ಸಾಮಾನು ಇಡೋಕೆ ಮರದ ಶೆಡ್ ಕಟ್ಟಿಸಿದ್ದೇವೆ, 10 ಅಡಿಗೆ 12 ಅಡಿ. ಕಂಬ ಅಕೇಶಿಯಾ, ಗೋಡೆಗೆ ಸಿಲ್ವರ್ ಓಕ್ ಹಲಗೆ, ಮೇಲೆ ಹಳೇ ಮನೆಯಿಂದ ಇಳಿಸಿದ ಮಂಗಳೂರು ಹಂಚು. ದೋಟಿ, ಔಷಧಿ ಹೊಡೆಯುವ ಪಂಪು, ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ಗೊಬ್ಬರದ ಚೀಲ, ಹಾರೆ, ಗುದ್ದಲಿ ಎಲ್ಲ ಅದರೊಳಗೇ ಇರುತ್ತದೆ.

ಈಗ ಹಲಗೆ ನೋಡಲು ಚೆನ್ನಾಗಿದೆ. ಆದರೆ ಜೂನ್ ಬಂತೆಂದರೆ ನಮ್ಮ ಕಡೆ ಮಳೆ ಹೇಗೆ ಅಂತ ನಿಮಗೆಲ್ಲ ಗೊತ್ತು. ಅಷ್ಟರೊಳಗೆ ಏನಾದರೂ ಹೊಡೆದು ಮುಗಿಸಬೇಕು. ಬಡಗಿ ವೇಸ್ಟ್ ಆಯಿಲ್ ಸಾಕು ಅಂತಾರೆ. ಮಾವ ಗೇರೆಣ್ಣೆ ಬಿಟ್ಟು ಬೇರೆ ಏನೂ ಬೇಡ ಅಂತಾರೆ. ಪೇಂಟ್ ಅಂಗಡಿಯಲ್ಲಿ ಕೇಳಿದರೆ ಪ್ರಿಸರ್ವೇಟಿವ್ ಹೊಡೆದು ಮೇಲೆ ವಾರ್ನಿಶ್ ಎಳೀರಿ ಅಂದರು. ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ ಅಗಸೆ ಎಣ್ಣೆ ಅಂತಾನೆ. ಶೆಡ್ಡಿನಿಂದ ಬಾವಿ ಜಾಸ್ತಿ ದೂರ ಇಲ್ಲ. ಪಕ್ಕದಲ್ಲಿ ಬಸಳೆ ಚಪ್ಪರ ಇದೆ, ಅದರಾಚೆ ಜೇನು ಪೆಟ್ಟಿಗೆಗಳಿವೆ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೇಳಿ. ಮಲೆನಾಡಲ್ಲಿ ನಿಜವಾಗಿ ಬಾಳಿಕೆ ಬಂದದ್ದು ಯಾವುದು?

ಗದ್ದೆಬದಿ
ವೇಸ್ಟ್ ಆಯಿಲ್. ಗ್ಯಾರೇಜಿನಿಂದ ಒಂದು ಕ್ಯಾನ್ ತನ್ನಿ, ಎರಡು ಕೈ ಹೊಡೀರಿ, ಮುಗೀತು. ನಮ್ಮ ಕೊಟ್ಟಿಗೆಗೆ ಅಪ್ಪನ ಕಾಲದಿಂದ ಅದೇ.

ಹಸಿರುಬೇಲಿ
ದಯವಿಟ್ಟು ಬೇಡ ಅಕ್ಕ. ಬಾವಿ ಹತ್ತಿರ ಇದೆ ಅಂತ ನೀವೇ ಬರೆದಿದ್ದೀರಿ. ಇಂಜಿನ್ ಒಳಗೆ ಸುಟ್ಟು ಕಪ್ಪಾದ ಎಣ್ಣೆಯಲ್ಲಿ ಲೋಹದ ಚೂರು, ಸುಟ್ಟ ಕರಿ, ಕ್ಯಾನ್ಸರ್ ತರುವಂಥ ವಸ್ತುಗಳು ಎಲ್ಲ ಇರುತ್ತವೆ. ಅದು ಒಣಗುವ ಎಣ್ಣೆ ಅಲ್ಲ. ಮರದ ಮೇಲೆ ಜಿಡ್ಡಾಗಿ ಕೂತಿರುತ್ತದೆ. ಮಳೆ ಹೊಡೆದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿದು ನೆಲಕ್ಕೆ ಹೋಗುತ್ತದೆ, ಅಲ್ಲಿಂದ ಬಸಳೆ ಬುಡಕ್ಕೆ. ಮೊದಲ ಮಳೆಗೆ ಶೆಡ್ ಸುತ್ತ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುವುದನ್ನು ನೋಡಿದವರಿಗೆ ಇದು ಗೊತ್ತು. ಇನ್ನೊಂದು ವಿಷಯ, ದನ ಕರು ಇದ್ದರೆ ಮರ ನೆಕ್ಕುತ್ತವೆ. ಕೊಟ್ಟಿಗೆಗಂತೂ ಅದನ್ನು ಹೊಡೆಯಲೇಬಾರದು.

ಗದ್ದೆಬದಿ
ನಮ್ಮ ದನಕ್ಕೆ ಇವತ್ತಿನವರೆಗೆ ಏನೂ ಆಗಿಲ್ಲ. ಕಂಬಕ್ಕೆ ಒರಲೆ (ಗೆದ್ದಲು) ಹತ್ತಿಲ್ಲ. ಕಣ್ಣೆದುರಿಗೆ ನಿಂತಿರುವ ಕಂಬವನ್ನು ನಂಬಬೇಕೋ ಬೇಡವೋ?

ಹಸಿರುಬೇಲಿ
ಕಂಬ ಯಾವ ಮರದ್ದು ಅಣ್ಣ?

ಗದ್ದೆಬದಿ
ಕಿರಾಲುಬೋಗಿ. ಕೆಲವು ಮತ್ತಿ.

ಹಸಿರುಬೇಲಿ
ಹಾಗಾದರೆ ನಿಂತಿರುವುದು ಮರದ ಗುಣದಿಂದ. ಬೋಗಿ ಕಂಬಕ್ಕೆ ಏನೂ ಹೊಡೆಯದಿದ್ದರೂ ನಿಲ್ಲುತ್ತಿತ್ತು. ಅಕ್ಕನ ಹಲಗೆ ಸಿಲ್ವರ್ ಓಕ್. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಬೇಡಿ.

ಉಳಿಬಾಚಿ
ನಾನು ಮರದ ಕೆಲಸದವನು, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಎಣ್ಣೆ ಎಣ್ಣೆ ಅಂತಿದ್ದೀರಿ. ಎಣ್ಣೆ ಆಮೇಲಿನ ಮಾತು. ಮೊದಲು ಮರ ನೋಡಬೇಕು, ಆಮೇಲೆ ನೀರು ಎಲ್ಲಿಂದ ಬರುತ್ತದೆ ನೋಡಬೇಕು.

ಮರದಲ್ಲಿ ಚೇಗು ಅಂತ ಇರುತ್ತದೆ, ನಡುವಿನ ಗಟ್ಟಿ ಭಾಗ. ಹೊರಗಿನ ಬಿಳಿ ಭಾಗಕ್ಕೆ ಯಾವ ಮರದಲ್ಲೂ ತಾಳಿಕೆ ಇಲ್ಲ, ಸಾಗುವಾನಿಯಲ್ಲೂ ಇಲ್ಲ. ಅಕೇಶಿಯಾ ಕಂಬದಲ್ಲಿ ಚೇಗು ಚೆನ್ನಾಗಿ ಬಲಿತಿದ್ದರೆ ತೊಂದರೆ ಇಲ್ಲ, ಎಳೇ ಮರ ಆದರೆ ಸುತ್ತಲಿನ ಬಿಳಿ ಬೇಗ ಉದುರುತ್ತದೆ. ಸಿಲ್ವರ್ ಓಕ್ ಒಳಗಿನ ಕೆಲಸಕ್ಕೆ ಒಳ್ಳೇ ಮರ. ಕೊಯ್ಯಲು ಸುಲಭ, ಎಳೆ ಚೆಂದ. ಹೊರಗೆ ಇಟ್ಟರೆ ಮರ ಕೊರೆಯುವ ಕುಟ್ಟೆ ಹುಳವೂ ಹಿಡಿಯುತ್ತದೆ, ಕೊಳೆಯುವುದೂ ಬೇಗ. ಹಾಗಾಗಿ ನಿಮ್ಮ ಹಲಗೆಗೆ ಔಷಧಿ ಬೇಕೇ ಬೇಕು. ಬರೀ ಎಣ್ಣೆಯಿಂದ ಆಗುವ ಕೆಲಸ ಅಲ್ಲ.

ಇನ್ನು ನೀರು. ಮರ ಕೊಳೆಯಿಸುವ ಬೂಜಿಗೆ ತೇವ ಬೇಕು. ಮರದ ತೇವಾಂಶ ಶೇ. 20ರ ಕೆಳಗೆ ಇದ್ದರೆ ಅದಕ್ಕೆ ಬೆಳೆಯಲು ಆಗುವುದಿಲ್ಲ. ಹೊಸ ಶೆಡ್ಡಿನಲ್ಲಿ ಮೊದಲು ಹೋಗುವುದು ಎಲ್ಲಿ ಗೊತ್ತಾ? ಗೋಡೆಯ ಕೆಳಗಿನ ಒಂದೂವರೆ ಅಡಿ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿದು ಕೆಳಗಿನ ಹಲಗೆಗೆ ಕೆಸರು ಎರಚುತ್ತದೆ. ಆ ಕೆಸರು ಒಣಗುವುದೇ ಇಲ್ಲ. ಇನ್ನೊಂದು ಜಾಗ, ಹಲಗೆಯ ಕೊಯ್ದ ತುದಿ. ಮರದ ಮೈ ಕುಡಿಯುವುದಕ್ಕಿಂತ ಎಷ್ಟೋ ಜಾಸ್ತಿ ನೀರನ್ನು ತುದಿ ಕುಡಿಯುತ್ತದೆ. ಎಲ್ಲರೂ ಗೋಡೆಯ ಮುಖಕ್ಕೆ ಚೆಂದಾಗಿ ಬ್ರಷ್ ಎಳೆಯುತ್ತಾರೆ, ಕೆಳಗಿನ ತುದಿಯನ್ನು ಬಗ್ಗಿ ನೋಡುವುದಿಲ್ಲ.

ಅಕ್ಕ, ಮೂರು ವಿಷಯ ಹೇಳಿ. ಕಂಬ ನೆಲದಲ್ಲಿ ಹೂತಿದೆಯೋ ಕಲ್ಲಿನ ಮೇಲೆ ನಿಂತಿದೆಯೋ? ಸೂರು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ? ಕೆಳಗಿನ ಹಲಗೆಗೂ ನೆಲಕ್ಕೂ ಎಷ್ಟು ಅಂತರ?

ಕುಂದಾಪ್ರದವ
ನಿಮ್ಮ ಮಾವ ಹೇಳಿದ್ದೇ ಸರಿ ಮಾರಾಯ್ರೆ. ಗೇರುಬೀಜದ ಸಿಪ್ಪೆಯ ಎಣ್ಣೆ ಹೊಡೆದ ಮರ ಉಪ್ಪುನೀರಲ್ಲೇ ನಿಂತು ತಾಳುತ್ತದೆ, ನಿಮ್ಮ ಮಳೆ ಯಾವ ಲೆಕ್ಕ. ನಮ್ಮಲ್ಲಿ ಮರದ ದೋಣಿಗಳಿಗೆಲ್ಲ ಅದನ್ನೇ ಹಚ್ಚುತ್ತಿದ್ದರು. ಈಗ ಫೈಬರ್ ಬಂದು ಕಡಿಮೆ ಆಗಿದೆ. ದೋಣಿ ಎಳೆದು ದಡಕ್ಕೆ ಹಾಕಿ, ತೆಂಗಿನ ಗರಿ ಮಾಡಿನ ಕೆಳಗೆ ಚೆನ್ನಾಗಿ ಒಣಗಿಸಿ, ಚಿಪ್ಪು ಪಾಚಿ ಎಲ್ಲ ಕೆರೆದು, ಆಮೇಲೆ ಒಳಗೂ ಹೊರಗೂ ಹಚ್ಚುವುದು. ಕೆಲವರು ಬೂತಾಯಿ ಮೀನಿನ ಎಣ್ಣೆ ಹಚ್ಚುತ್ತಿದ್ದರು. ಅದರ ವಾಸನೆ ನಿಮ್ಮ ಮನೆ ಹಿಂದೆ ಬೇಡ ಬಿಡಿ.

ಗೇರೆಣ್ಣೆ ಬರೀ ಜಿಡ್ಡಲ್ಲ. ಬಿಸಿಲಿಗೆ ಗಟ್ಟಿಯಾಗಿ ಕಪ್ಪು ಕಂದು ಅರಗಿನ ಹಾಗೆ ಕೂರುತ್ತದೆ. ಅದರ ಖಾರಕ್ಕೆ ಒರಲೆ ಹತ್ತಿರ ಬರುವುದಿಲ್ಲ. ನಮ್ಮ ಕಡೆ ಗೇರುಬೀಜದ ಕಾರ್ಖಾನೆ ಸುತ್ತಮುತ್ತ ಎಣ್ಣೆ ಸಿಗುತ್ತದೆ, ಕಾರ್ಕಳ ಕಡೆಯೂ ಸಿಗುತ್ತದೆ.

ಅಡಿಕೆಹಾಳೆ
ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಅದನ್ನೂ ಹೇಳಿ.

ಕುಂದಾಪ್ರದವ
ಹೌದು, ಹೇಳಲೇಬೇಕು. ಗೇರುಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆಯೋ ಬೂದಿಯೋ ಸವರಿಕೊಂಡೇ ಕೂರುವುದು. ಇಲ್ಲದಿದ್ದರೆ ಬೆರಳಿನ ಚರ್ಮ ಕಪ್ಪಾಗಿ ಸುಲಿದು ಬರುತ್ತದೆ. ಉದ್ದ ಕೈಯ ಅಂಗಿ, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬೇಕು. ಬ್ರಷ್ಷಿಗೆ ಉದ್ದ ಕೋಲು ಕಟ್ಟಿ ಹಚ್ಚಿ. ತಲೆಗಿಂತ ಮೇಲಿನ ಜಾಗಕ್ಕೆ ಹಚ್ಚುವಾಗ ಇನ್ನೂ ಜಾಗ್ರತೆ.

ಕೆಮಿಸ್ಟ್ರಿಮೇಷ್ಟ್ರು
ಮೇಲಿನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಹಸಿ ಸಿಪ್ಪೆಯನ್ನು ಗಾಣಕ್ಕೆ ಹಾಕಿ ತೆಗೆದ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲ ತುಂಬ ಇರುತ್ತದೆ, ಚರ್ಮ ಸುಡುವುದರಲ್ಲಿ ಅದರ ಪಾಲು ದೊಡ್ಡದು. ಚೆನ್ನಾಗಿ ಕಾಯಿಸಿದ ಎಣ್ಣೆಯಲ್ಲಿ ಅದು ಬಹುಪಾಲು ಕಾರ್ಡನಾಲ್ ಆಗಿ ಬದಲಾಗಿರುತ್ತದೆ. ಅದು ಸ್ವಲ್ಪ ಸೌಮ್ಯ, ಆದರೂ ಬರಿಗೈಯಲ್ಲಿ ಮುಟ್ಟುವ ವಸ್ತು ಅಲ್ಲ. ಕೊಳ್ಳುವಾಗ ಕಾಯಿಸಿದ್ದೋ ಹಸಿಯೋ ಕೇಳಿ. ಮಾವಿನ ಸೊನೆ ತಾಗಿದರೆ ತುರಿಕೆ ಏಳುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಮಾವು, ಗೇರು ಎಲ್ಲ ಒಂದೇ ಕುಟುಂಬ. ಎಣ್ಣೆ ತೆಳ್ಳಗಾಗಲಿ ಅಂತ ಒಲೆ ಮೇಲೆ ಕಾಯಿಸಲೂ ಬೇಡಿ, ಅದರ ಹೊಗೆ ಕಣ್ಣು ಮೂಗು ಗಂಟಲು ಸುಡುತ್ತದೆ. ಕ್ಯಾನ್ ಬಿಸಿಲಲ್ಲಿ ಇಟ್ಟರೆ ಸಾಕು.

ಇನ್ನು ಉಳಿದ ಎಣ್ಣೆಗಳ ವಿಷಯ. ಎಣ್ಣೆಯಲ್ಲಿ ಒಣಗುವುದು, ಒಣಗದ್ದು ಅಂತ ಎರಡು ಜಾತಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಇದನ್ನು ಅಳೆಯಲು ಅಯೋಡಿನ್ ಮೌಲ್ಯ ಅಂತ ಒಂದು ಲೆಕ್ಕ ಇದೆ. ಅಗಸೆಗೆ ಅದು 170ರ ಮೇಲೆ, ಹೊಂಗೆಗೆ 80-90ರ ಆಸುಪಾಸು, ತೆಂಗಿನೆಣ್ಣೆಗೆ ಬರೀ 10ರ ಹತ್ತಿರ. 130ಕ್ಕಿಂತ ಕೆಳಗಿನದ್ದು ಸರಿಯಾಗಿ ಒಣಗುವುದಿಲ್ಲ. ಹಾಗಾಗಿ ಹೊಂಗೆ, ಬೇವು, ತೆಂಗು, ಶೇಂಗಾ ಯಾವುದನ್ನು ಹೊಡೆದರೂ ಜಿಡ್ಡಾಗಿಯೇ ಉಳಿಯುತ್ತದೆ, ಧೂಳು ಹಿಡಿಯುತ್ತದೆ. ಬೇವಿನ ಕಹಿ ಹುಳಕ್ಕೆ ಆಗದು, ನಿಜ. ಆದರೆ ಬಿಸಿಲಿಗೆ ಆ ಗುಣ ಬೇಗ ಹೋಗುತ್ತದೆ.

ಹೊಂಗೆನೆರಳು
ನಾನು ಈಗಷ್ಟೇ ಹೊಂಗೆ ಎಣ್ಣೆ ಅಂತ ಬರೆಯಲು ಬಂದೆ. ನಮ್ಮ ಅಜ್ಜ ಗಾಡಿಗೆ, ನೇಗಿಲಿಗೆ ಅದನ್ನೇ ಹಚ್ಚುತ್ತಿದ್ದರು ಮೇಷ್ಟ್ರೇ.

ಕೆಮಿಸ್ಟ್ರಿಮೇಷ್ಟ್ರು
ನೇಗಿಲು ಗಾಡಿಗೆ ಒಳ್ಳೆಯದೇ. ಕೆಲಸ ಮುಗಿದ ಮೇಲೆ ಒರೆಸಿ ಸೂರಿನ ಕೆಳಗೆ ಇಡುತ್ತಿದ್ದರು, ಮತ್ತೆ ಮತ್ತೆ ಹಚ್ಚುತ್ತಿದ್ದರು. ಶೆಡ್ ಮೂರ್ನಾಲ್ಕು ತಿಂಗಳು ಮಳೆಯಲ್ಲೇ ನಿಲ್ಲುತ್ತದೆ.

ತೋಟದಮನೆ
ಇಷ್ಟು ಬೇಗ ಇಷ್ಟು ಉತ್ತರ ಬಂತು, ತುಂಬ ಖುಷಿ ಆಯಿತು. ಉಳಿಬಾಚಿ ಅಣ್ಣ, ಹೋಗಿ ನೋಡಿಕೊಂಡು ಬಂದೆ. ಹಿಂದಿನ ಕಂಬಗಳು ಕಲ್ಲಿನ ಮೇಲೆ ಇವೆ. ಮುಂದಿನ ಎರಡು ಕಂಬ ನೆಲದಲ್ಲಿ ಹೂತಿವೆ, ಎರಡಡಿ ಆಳ ಇರಬಹುದು. ಸೂರು ಒಂದಡಿ ಹೊರಗಿದೆ. ಪಡುವಣ ದಿಕ್ಕಿನ ಗೋಡೆಗೆ ಇರಚಲು ನೇರವಾಗಿ ಹೊಡೆಯುತ್ತದೆ. ಕೆಳಗಿನ ಹಲಗೆ ನೆಲದಿಂದ ನಾಲ್ಕು ಬೆರಳು ಮೇಲಿದೆ, ಅಷ್ಟೇ.

ಉಳಿಬಾಚಿ
ನಾಲ್ಕು ಬೆರಳು ಸಾಲದು. ಸೂರಿಗೆ ಒಂದು ಸಾಲು ಹಂಚು ಹೆಚ್ಚಿಸಲು ಆಗುತ್ತದಾ ನೋಡಿ. ಪಡುವಣ ಗೋಡೆಗೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟಿ. ನಮ್ಮ ಹಿರಿಯರು ಮಣ್ಣಿನ ಗೋಡೆಗೆ ಮಾಡುತ್ತಿದ್ದದ್ದೇ. ಸೋಗೆಗೂ ಹಲಗೆಗೂ ನಡುವೆ ಒಂದು ಗೇಣು ಗಾಳಿ ಆಡಲಿ, ಅಂಟಿಸಿ ಕಟ್ಟಿದರೆ ತೇವ ಅಲ್ಲೇ ನಿಲ್ಲುತ್ತದೆ. ಕೆಳಗೆ ನೀರು ಸಿಡಿಯುವ ಜಾಗಕ್ಕೆ ಸುತ್ತಲೂ ದಪ್ಪ ಜಲ್ಲಿ ಹರಡಿ. ಜಲ್ಲಿ ಮೇಲೆ ಬಿದ್ದ ಹನಿ ಕೆಸರು ಎರಚುವುದಿಲ್ಲ.

ಮುಂದಿನ ಎರಡು ಕಂಬ ನೆಲದಿಂದ ಬಿಡಿಸಿ. ಈಗಲೇ ಮಾಡಿದರೆ ಸುಲಭ. ಜ್ಯಾಕ್ ಕೊಟ್ಟು ಚಾವಣಿ ಎತ್ತಿ ಹಿಡಿದು, ಕಂಬವನ್ನು ನೆಲಮಟ್ಟದ ಮೇಲೆ ಕೊಯ್ದು, ಅಡಿಗೆ ಕಾಡುಗಲ್ಲು ಕೊಡಿ. ಜಂಬಿಟ್ಟಿಗೆ ಬೇಡ, ಅದು ನೀರು ಹೀರಿ ಕಂಬದ ಬುಡಕ್ಕೇ ಕೊಡುತ್ತದೆ.

ಗದ್ದೆಬದಿ
ಕಂಬದ ಬುಡ ಸುಟ್ಟು ಹೂಳಿದರೆ ಆಯ್ತಲ್ಲ. ಬೇಲಿ ಗೂಟಕ್ಕೆ ಎಲ್ಲರೂ ಹಾಗೇ ಮಾಡೋದು.

ಉಳಿಬಾಚಿ
ಸುಟ್ಟ ಇದ್ದಿಲನ್ನು ಒರಲೆ ತಿನ್ನುವುದಿಲ್ಲ, ಅದು ಸರಿ. ಆದರೆ ಸುಡುವಾಗಲೇ ಮರ ಸೀಳು ಬಿಡುತ್ತದೆ. ಆ ಸೀಳಿನೊಳಗೆ ಸುಡದ ಮರ ಇದೆ. ನೀರು ಹೋಗುವುದು, ಒರಲೆ ನುಗ್ಗುವುದು ಅಲ್ಲಿಂದಲೇ. ಗೂಟಕ್ಕೆ ನಡೆಯುತ್ತದೆ. ಹೋದರೆ ಇನ್ನೊಂದು ಹೊಡೆಯಬಹುದು. ಹಂಚಿನ ಭಾರ ಹೊತ್ತ ಕಂಬಕ್ಕೆ ನಾನು ಒಪ್ಪುವುದಿಲ್ಲ.

ಬೋರ್ಡೋಭಟ್ಟ
ಒಂದು ಪ್ರಶ್ನೆ. ಮೈಲುತುತ್ತ ಎಲ್ಲರ ಮನೆಯಲ್ಲೂ ಇರುತ್ತದೆ. ಅಡಿಕೆಯ ಕೊಳೆರೋಗದ ಬೂಜನ್ನು ತಡೆಯುವ ಔಷಧಿ ಮರದ ಬೂಜನ್ನು ಯಾಕೆ ತಡೆಯಬಾರದು? ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಗೋಡೆಗೆ ಹೊಡೆದರೆ ಹೇಗೆ?

ಕೆಮಿಸ್ಟ್ರಿಮೇಷ್ಟ್ರು
ಒಳ್ಳೇ ಪ್ರಶ್ನೆ. ತಾಮ್ರ ಬೂಜಿಗೆ ವಿಷ, ಅದರಲ್ಲಿ ಅನುಮಾನ ಇಲ್ಲ. ಫ್ರಾನ್ಸಿನಲ್ಲಿ 19ನೇ ಶತಮಾನದಲ್ಲೇ ಬೂಶರಿ ಅನ್ನುವವರು ಆಗತಾನೇ ಕಡಿದ ಮರದೊಳಗೆ ಮೈಲುತುತ್ತದ ನೀರು ಹಾಯಿಸುತ್ತಿದ್ದರು. ತಂತಿ ಕಂಬಗಳನ್ನು ಹಾಗೆ ಮಾಡುತ್ತಿದ್ದರು. ತೊಂದರೆ ಏನೆಂದರೆ ಬರೀ ಮೈಲುತುತ್ತ ನೀರಿಗೆ ಕರಗಿ ಮತ್ತೆ ಹೊರಗೆ ಬರುತ್ತದೆ. ಕಬ್ಬಿಣದ ಮೊಳೆಯನ್ನೂ ತಿನ್ನುತ್ತದೆ. ಮೈಲುತುತ್ತದ ನೀರಿಗೆ ಮೊಳೆ ಹಾಕಿ ನೋಡಿ, ಸ್ವಲ್ಪ ಹೊತ್ತಿಗೇ ಮೇಲೆ ತಾಮ್ರ ಕೂರುತ್ತದೆ, ಒಳಗಿನ ಕಬ್ಬಿಣ ಕರಗುತ್ತದೆ. ಸುಣ್ಣ ಸೇರಿಸಿ ಬೋರ್ಡೋ ಮಾಡಿದರೆ ಅಷ್ಟು ಬೇಗ ತೊಳೆದು ಹೋಗುವುದಿಲ್ಲ. ಆದರೆ ಅದು ಮರದ ಒಳಗೆ ಇಳಿಯುವುದಿಲ್ಲ, ನೀಲಿ ಸುಣ್ಣದ ಹಾಗೆ ಮೇಲೆ ಕೂರುತ್ತದೆ.

ಈ ತೊಂದರೆಯನ್ನು ಬಿಡಿಸಿದ್ದು ನಮ್ಮ ದೇಶದವರೇ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶನ್ 1933ರಲ್ಲಿ ತಾಮ್ರದ ಜೊತೆ ಕ್ರೋಮಿಯಂ, ಆರ್ಸೆನಿಕ್ ಸೇರಿಸಿದರು. ಕ್ರೋಮಿಯಂನಿಂದಾಗಿ ತಾಮ್ರ, ಆರ್ಸೆನಿಕ್ ಎರಡೂ ಮರಕ್ಕೆ ಕಚ್ಚಿಕೊಂಡು ಕೂರುತ್ತವೆ. ಸಿಸಿಎ (ಆ ಮೂರರ ಇಂಗ್ಲಿಷ್ ಹೆಸರಿನ ಮೊದಲಕ್ಷರ) ಅಂತ ಅದು ಪ್ರಪಂಚದ ಎಲ್ಲ ಕಡೆ ಹೋಯಿತು. ಹಸಿರು ಛಾಯೆಯ ಕಂಬಗಳನ್ನು ನೋಡಿದ್ದೀರಲ್ಲ, ಅದೇ. ಆದರೆ ಅದನ್ನು ದೊಡ್ಡ ಸಿಲಿಂಡರಿನಲ್ಲಿ ಒತ್ತಡ ಕೊಟ್ಟು ತುಂಬಿಸಬೇಕು. ಮನೆಯಲ್ಲಿ ಬ್ರಷ್ಷಿನಲ್ಲಿ ಹಚ್ಚುವುದಲ್ಲ. ಆರ್ಸೆನಿಕ್ ಭಯದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ನಿಲ್ಲಿಸಿದರು. ಅಂಥ ಮರದ ತುಂಡು ಸಿಕ್ಕರೆ ಯಾವತ್ತೂ ಬಚ್ಚಲ ಒಲೆಗೆ ಹಾಕಬೇಡಿ, ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ.

ಬೋರ್ಡೋಭಟ್ಟ
ಮೊಳೆ ವಿಷಯ ಹೊಳೆದಿರಲಿಲ್ಲ. ಧನ್ಯವಾದ ಮೇಷ್ಟ್ರೇ. ಪಂಪಿನ ಕಬ್ಬಿಣದ ಭಾಗ ಯಾಕೆ ಬೇಗ ಹೋಗುತ್ತದೆ ಅಂತಲೂ ಈಗ ಅರ್ಥ ಆಯಿತು.

ಶೀಟ್‌ಶೆಟ್ರು
ಇಷ್ಟೆಲ್ಲ ಯಾಕೆ? ಹಲಗೆ ಮೇಲೆ ಹೊರಗಿನಿಂದ ತಗಡಿನ ಶೀಟ್ ಬಡಿದುಬಿಡಿ. ಎಣ್ಣೆಯೂ ಬೇಡ, ಚರ್ಚೆಯೂ ಬೇಡ.

ಹಸಿರುಬೇಲಿ
ಶೀಟಿನ ಹಿಂದೆ ಬೆವರು ಕಟ್ಟಿ ಹಲಗೆ ಒಳಗಿಂದಲೇ ಕೊಳೆಯುತ್ತದೆ. ಒರಲೆ ಏರಿದರೂ ಕಾಣುವುದಿಲ್ಲ. ಮಣ್ಣಿನ ಗೆರೆ ಕಣ್ಣಿಗೆ ಬೀಳಬೇಕು, ಕಂಡ ಕೂಡಲೇ ಕೆರೆದು ಹಾಕಬೇಕು. ಮರದ ಶೆಡ್ ಕಾಪಾಡುವುದರಲ್ಲಿ ಅರ್ಧ ಕೆಲಸ ಅದೇ.

ಸಿಯಾಟಲ್‌ಸೋನೆ
ನಾನು ತೀರ್ಥಹಳ್ಳಿಯವನು, ಈಗ ಸಿಯಾಟಲ್‌ನಲ್ಲಿದ್ದೇನೆ. ಇಲ್ಲಿ ಪ್ರತಿ ಮನೆ ಹಿಂದೆ ಮರದ ಶೆಡ್ ಇರುತ್ತದೆ. ಹೆಚ್ಚಿನವು ಸೀಡರ್ ಮರದ್ದು, ಆ ಮರಕ್ಕೆ ತಾನಾಗಿಯೇ ತಾಳಿಕೆ ಇದೆ. ನಮ್ಮದಕ್ಕೆ ಅಗಸೆ ಎಣ್ಣೆ ಹೊಡೆದಿದ್ದೆವು. ನೀರು ಮುತ್ತಿನ ಹಾಗೆ ಜಾರುತ್ತಿತ್ತು, ಆದರೆ ಉತ್ತರದ ಗೋಡೆಗೆ ಬಿಸಿಲು ಬೀಳುವುದಿಲ್ಲ, ಅಲ್ಲಿ ಕಪ್ಪು ಬೂಜು ಹಿಡಿಯಿತು. ಅಗಸೆ ಎಣ್ಣೆ ಬೂಜಿಗೆ ಊಟ. ಚಳಿಗಾಲವೆಲ್ಲ ಸೋನೆ ಸುರಿಯುವ ಈ ಊರಲ್ಲೇ ಹೀಗಾದರೆ, ಸೆಕೆ ಮಳೆ ಎರಡೂ ಇರುವ ನಮ್ಮ ಮಲೆನಾಡಲ್ಲಿ ಇನ್ನೂ ಜೋರಾಗಿರುತ್ತದೆ. ಎಣ್ಣೆಗೆ ಬೂಜು ತಡೆಯುವ ಔಷಧಿ ಸೇರಿಸಿ ಮಾರುತ್ತಾರೆ, ಅಂಥದ್ದು ಸಿಕ್ಕರೆ ನೋಡಿ.

ಇನ್ನೊಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಶಾಖ ಬರುತ್ತದೆ. ಮುದ್ದೆಯೊಳಗೆ ಆ ಶಾಖ ಕೂಡಿ ಕೂಡಿ ಬಟ್ಟೆಗೆ ತಾನೇ ಬೆಂಕಿ ಹತ್ತುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ, ಇಲ್ಲಿ ಅಗ್ನಿಶಾಮಕದವರು ಎಲ್ಲರಿಗೂ ಹೇಳುವ ಮಾತು. ಬಟ್ಟೆಯನ್ನು ನೀರಲ್ಲಿ ಅದ್ದಿ, ಹೊರಗೆ ತಂತಿ ಮೇಲೆ ಒಂದೊಂದಾಗಿ ಬಿಡಿಸಿ ಹರಡಿ.

ತೋಟದಮನೆ
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಶೆಡ್ಡಿನಲ್ಲಿ ಗೋಣಿಚೀಲ, ಅಡಿಕೆ ಹಾಳೆ ಎಲ್ಲ ಇರುತ್ತದೆ.

ಬಣ್ಣದಬ್ರಷ್
ಅಗಸೆ ಎಣ್ಣೆ ತರುವುದಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಂತ ಕೇಳಿ. ಅದರಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಒಂದೆರಡು ದಿನಕ್ಕೆ ಒಣಗುತ್ತದೆ. ಗಾಣದ ಹಸಿ ಎಣ್ಣೆ ವಾರಗಟ್ಟಲೆ ಅಂಟುತ್ತದೆ. ಮೊದಲ ಕೈಗೆ ಅರ್ಧಕ್ಕರ್ಧ ಟರ್ಪೆಂಟೈನ್ ಸೇರಿಸಿ, ಒಳಗೆ ಇಳಿಯುತ್ತದೆ. ಆಮೇಲಿನ ಕೈಗೆ ಟರ್ಪೆಂಟೈನ್ ಕಡಿಮೆ ಮಾಡುತ್ತಾ ಬನ್ನಿ. ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಮರ ಕುಡಿಯದೆ ಉಳಿದ ಎಣ್ಣೆಯನ್ನು ಒರೆಸಿ ತೆಗೆಯಬೇಕು. ದಪ್ಪಗೆ ಬಿಟ್ಟರೆ ಸುಕ್ಕು ಕಟ್ಟಿ ಅಂಟಾಗುತ್ತದೆ.

ಮತ್ತೆ ಬರೀ ಎಣ್ಣೆ ಬಿಸಿಲು ತಡೆಯುವುದಿಲ್ಲ. ಬಿಸಿಲಿಗೆ ಮರದ ಮೇಲ್ಮೈ ಸತ್ತು ಬೂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ರೆಡ್ ಆಕ್ಸೈಡ್ ಪುಡಿ ಸೇರಿಸಿ, ನೆಲಕ್ಕೆ ಹಾಕುತ್ತಾರಲ್ಲ ಅದೇ. ಕಬ್ಬಿಣದ ಆಕ್ಸೈಡ್ ಬಿಸಿಲನ್ನು ತಡೆಯುತ್ತದೆ, ಬಣ್ಣವೂ ಹಳೇ ಮನೆ ಕಾವಿಯ ಹಾಗೆ ಚೆಂದ ಬರುತ್ತದೆ. ನುಣ್ಣಗೆ ಜಾಲಿಸಿ, ಸ್ವಲ್ಪ ಎಣ್ಣೆಯಲ್ಲಿ ಮೊದಲು ಕಲಸಿ, ಆಮೇಲೆ ಉಳಿದ ಎಣ್ಣೆಗೆ ಸೇರಿಸಿ. ಹಚ್ಚುವಾಗ ಡಬ್ಬ ಆಗಾಗ ಕಲಕುತ್ತಿರಬೇಕು, ಪುಡಿ ತಳಕ್ಕೆ ಕೂರುತ್ತದೆ.

ವಾರ್ನಿಶ್ ಮಾತ್ರ ಬೇಡವೇ ಬೇಡ. ಮೇಲೆ ಗಾಜಿನ ಹಾಗೆ ಕೂರುತ್ತದೆ, ಮರ ಹಿಗ್ಗಿ ಕುಗ್ಗಿದಾಗ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಮರುವರ್ಷ ಪೂರ್ತಿ ಕೆರೆದು ತೆಗೆಯದೆ ಏನೂ ಹಚ್ಚಲಾಗದು. ಎಣ್ಣೆ ಆದರೆ ತೊಳೆದು ಒಣಗಿಸಿ ಮೇಲೇ ಇನ್ನೊಂದು ಕೈ ಎಳೆಯಬಹುದು.

ಚೊಗರುಬಣ್ಣ
ಅಡಿಕೆ ಬೇಯಿಸಿದ ನೀರಿನ ಚೊಗರು ಯಾರೂ ಹೇಳಲಿಲ್ಲವಲ್ಲ! ನಮ್ಮ ಮನೆಯ ಅಟ್ಟದ ಹಲಗೆಗೆಲ್ಲ ಚೊಗರು ಬಳಿದದ್ದು. ಈಗಲೂ ಕೆಂಪಾಗಿ ಹೊಳೆಯುತ್ತದೆ.

ಉಳಿಬಾಚಿ
ಅಟ್ಟಕ್ಕೆ ಚೊಗರಿನಷ್ಟು ಚೆಂದ ಬೇರೆ ಇಲ್ಲ. ಮಳೆಗೆ ತೊಳೆದು ಹೋಗುತ್ತದೆ. ಶೆಡ್ಡಿನ ಒಳಮೈಗೆ ಬಳಿಯಬಹುದು.

ಜೇನುಗೂಡು
ತೋಟದಮನೆ ಅಕ್ಕ, ಜೇನು ಪೆಟ್ಟಿಗೆ ಇದೆ ಅಂದಿರಲ್ಲ. ಅಂಗಡಿಯ ಪ್ರಿಸರ್ವೇಟಿವ್ ತರುವುದಾದರೆ ಡಬ್ಬದ ಹಿಂದೆ ಬರೆದದ್ದು ಓದಿ. ಪರ್ಮೆಥ್ರಿನ್, ಸೈಪರ್‌ಮೆಥ್ರಿನ್ ಅಂತ ಇದ್ದರೆ ಜೇನಿಗೆ ನೇರ ವಿಷ, ಮೀನಿಗೂ ವಿಷ. ಪೆಟ್ಟಿಗೆಗಳನ್ನು ದೂರ ಒಯ್ದು, ಪೂರ್ತಿ ಒಣಗಿದ ಮೇಲೆಯೇ ತರಬೇಕು. ಸಂಜೆ ಹುಳ ಎಲ್ಲ ಗೂಡಿಗೆ ಬಂದ ಮೇಲೆ ಪೆಟ್ಟಿಗೆ ಸಾಗಿಸಿ. ತುಡುವೆ ಜೇನು ಸೂಕ್ಷ್ಮ, ಜಾಸ್ತಿ ಅಲುಗಾಡಿಸಿದರೆ ಗೂಡು ಬಿಟ್ಟೇ ಹೋಗಬಹುದು. ನಾವು ಪೆಟ್ಟಿಗೆಗೆ ಹೊರಗಿನಿಂದ ಅಗಸೆ ಎಣ್ಣೆ ಮಾತ್ರ ಹಚ್ಚುತ್ತೇವೆ, ಒಳಗೆ ಏನೂ ಇಲ್ಲ.

ಬಿದಿರುಮೆಳೆ
ಕುಟ್ಟೆಗೆ ನಾನು ಹೇಳುವುದು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್. ಬಿದಿರು ಕೆಲಸದವರೆಲ್ಲ ಬಳಸುವುದು ಇದನ್ನೇ. 100 ಲೀಟರ್ ನೀರಿಗೆ 3 ಕೆ.ಜಿ. ಬೋರಾಕ್ಸ್, 2 ಕೆ.ಜಿ. ಬೋರಿಕ್ ಆಸಿಡ್. ಇದು ಮುಳುಗಿಸಿ ಇಡುವ ಲೆಕ್ಕ. ಬ್ರಷ್ಷಿನಲ್ಲಿ ಹಚ್ಚುವುದಾದರೆ ಎರಡರಷ್ಟು ಗಟ್ಟಿ ಮಾಡಿ, ಬಿಸಿನೀರಲ್ಲಿ ಕರಗಿಸಿ. ಅಂದರೆ 10 ಲೀಟರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಒರಲೆ, ಕುಟ್ಟೆ, ಬೂಜು ಮೂರಕ್ಕೂ ಆಗುತ್ತದೆ. ಇವೆರಡರಲ್ಲೂ ಇರುವ ಬೋರಾನ್ ತೇವ ಇದ್ದ ಕಡೆ ತಾನಾಗಿಯೇ ಒಳಗೆ ಇಳಿಯುತ್ತದೆ. ಅದಕ್ಕೇ ಹಸಿ ಮರಕ್ಕೆ ಚೆನ್ನಾಗಿ ಹಿಡಿಯುವುದು. ನಿಮ್ಮ ಹಲಗೆ ಒಣಗಿದ್ದರೆ ಮೊದಲು ನೀರು ಚಿಮುಕಿಸಿ, ಮೇಲಿಂದ ಮೇಲೆ ಎರಡು ಮೂರು ಕೈ ಹಚ್ಚಿ, ಪ್ಲಾಸ್ಟಿಕ್ ಹೊದಿಸಿ ಕೆಲವು ದಿನ ಬಿಡಿ.

ಕೆಮಿಸ್ಟ್ರಿಮೇಷ್ಟ್ರು
ಇದನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿ ಜೊತೆ. ಒಳಗೆ ಇಳಿದ ಹಾಗೆಯೇ ಮಳೆ ನೀರಿಗೆ ಹೊರಗೂ ಬರುತ್ತದೆ. ಆದ್ದರಿಂದ ಬೋರಾನ್ ಹಚ್ಚಿ, ಒಣಗಿಸಿ, ಮೇಲೆ ನೀರು ತಡೆಯುವ ಎಣ್ಣೆ ಹಚ್ಚಲೇಬೇಕು. ನೆಲಕ್ಕೆ ತಾಗುವ ಮರಕ್ಕೆ ಬೋರಾನ್ ನಂಬಬೇಡಿ.

ಅಡಿಕೆಹಾಳೆ
ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ. ಅಡಿಕೆಗೆ, ತೆಂಗಿಗೆ ಬೋರಾಕ್ಸನ್ನು ಗ್ರಾಂ ಲೆಕ್ಕದಲ್ಲಿ ಹಾಕುತ್ತೇವೆ, ಹೆಚ್ಚಾದರೆ ಎಲೆಯ ತುದಿ ಸುಡುತ್ತದೆ. ಬಸಳೆ ಪಕ್ಕದಲ್ಲೇ ಇದೆ ಅಂದಿದ್ದೀರಿ. ಕೆಳಗೆ ಟಾರ್ಪಾಲ್ ಹಾಸಿಕೊಂಡು ಹಚ್ಚಿ.

ಹೊಂಗೆನೆರಳು
ಬಿದಿರು ಅಂದಾಗ ನೆನಪಾಯಿತು. ಅಮಾವಾಸ್ಯೆ ಹತ್ತಿರ ಕಡಿದ ಬಿದಿರಿಗೆ ಕುಟ್ಟೆ ಹಿಡಿಯುವುದಿಲ್ಲ ಅಂತಾರೆ. ಸಿಲ್ವರ್ ಓಕಿಗೂ ಹಾಗೇನಾ?

ಬಿದಿರುಮೆಳೆ
ಕುಟ್ಟೆ ತಿನ್ನುವುದು ಮರದಲ್ಲಿರುವ ಪಿಷ್ಟವನ್ನು. ಕಡಿಯುವ ಕಾಲಕ್ಕೆ ಪಿಷ್ಟ ಹೆಚ್ಚು ಕಡಿಮೆ ಇರುತ್ತದೆ, ಅದು ನಿಜ. ನಾನಂತೂ ತಿಥಿಗಿಂತ ಋತು ನೋಡುತ್ತೇನೆ. ಹೊಸ ಕಳಲೆ ಬರುವ ಮಳೆಗಾಲ ಬಿಟ್ಟು ಅದರ ನಂತರ ಕಡಿಯುವುದು.

ಕುಂದಾಪ್ರದವ
ಕೆರೆಯಲ್ಲೋ ಹೊಳೆಯಲ್ಲೋ ಮುಳುಗಿಸಿ ಇಡುತ್ತಿದ್ದದ್ದೂ ಅದಕ್ಕೇ. ಪಿಷ್ಟ ನೀರಲ್ಲಿ ಹೋಗುತ್ತದೆ. ತೆಗೆದಾಗ ನಾತ ಮಾತ್ರ ತಡೆಯಲು ಆಗದು.

ಗದ್ದೆಬದಿ
ನಾನು ವೇಸ್ಟ್ ಆಯಿಲ್ ಬಿಡುವುದಿಲ್ಲ, ಆದರೆ ಬಾವಿ ಪಕ್ಕ ಬೇಡ ಅನ್ನುವುದು ಸರಿ. ಕೊಟ್ಟಿಗೆಗೆ ಅಗಸೆ ಎಣ್ಣೆ ಹೊಡೆದು ನೋಡುತ್ತೇನೆ. ಖರ್ಚು ಎಷ್ಟು ಬರಬಹುದು ಯಾರಾದರೂ ಹೇಳಿ.

ಬಣ್ಣದಬ್ರಷ್
ಅಂಗಡಿಯ ರೇಟು ಊರಿಂದ ಊರಿಗೆ ಬೇರೆ ಅಣ್ಣ. ಒರಟು ಹಲಗೆ ಎಣ್ಣೆ ಜಾಸ್ತಿ ಕುಡಿಯುತ್ತದೆ, ಕೀಸುಳಿ ಹೊಡೆದದ್ದು ಕಡಿಮೆ ಕುಡಿಯುತ್ತದೆ. ಒಂದು ಲೀಟರ್ ತಂದು ಒಂದು ಗೋಡೆಗೆ ಹಚ್ಚಿ ನೋಡಿ, ಉಳಿದದ್ದಕ್ಕೆ ಲೆಕ್ಕ ಸಿಗುತ್ತದೆ.

ತೋಟದಮನೆ
ಎಲ್ಲವನ್ನೂ ಕೂತು ಓದಿದೆ, ಮಾವನಿಗೂ ಓದಿ ಹೇಳಿದೆ. ಹೀಗೆ ಮಾಡೋಣ ಅಂತಿದ್ದೇವೆ, ತಪ್ಪಿದ್ದರೆ ಹೇಳಿ. ಮುಂದಿನ ಎರಡು ಕಂಬ ಎತ್ತಿ ಕಾಡುಗಲ್ಲು ಕೊಡುವುದು. ಕೆಳಗಿನ ಒಂದು ಸಾಲು ಹಲಗೆ ತೆಗೆದು ನೆಲದಿಂದ ಒಂದಡಿ ಎತ್ತರಕ್ಕೆ ಕಾಡುಗಲ್ಲಿನ ಕಟ್ಟೆ ಕಟ್ಟುವುದು. ಹಲಗೆಗೆ ಈ ಬಿಸಿಲಲ್ಲಿ ಬೋರಾಕ್ಸ್, ಒಣಗಿದ ಮೇಲೆ ಕಾವಿ ಬಣ್ಣದ ಅಗಸೆ ಎಣ್ಣೆ. ಕಂಬದ ಬುಡಕ್ಕೆ ಮಾತ್ರ ಗೇರೆಣ್ಣೆ, ಮಾವನ ಮಾತೂ ಉಳಿಯುತ್ತದೆ. ಒಂದು ಅನುಮಾನ. ಕಂಬದ ಕೆಳಗೆ ಗೇರೆಣ್ಣೆ, ಮೇಲೆ ಅಗಸೆ ಎಣ್ಣೆ ಹಚ್ಚಿದರೆ ಒಂದಕ್ಕೊಂದು ಹಿಡಿಯುತ್ತದಾ?

ಕುಂದಾಪ್ರದವ
ಹಿಡಿಯುತ್ತದೆ. ಅಗಸೆ ಎಣ್ಣೆ ಮೊದಲು ಹಚ್ಚಿ ಒಣಗಿಸಿ, ಗೇರೆಣ್ಣೆ ಕೊನೆಗೆ. ಅದು ಅಂಟು ಬಿಡಲು ಒಳ್ಳೇ ಬಿಸಿಲು ಬೇಕು. ಮೋಡ ಕಟ್ಟುವ ಮೊದಲು ಮುಗಿಸಿ. ಮಕ್ಕಳು ಮುಟ್ಟುವ ಎತ್ತರಕ್ಕೆ ಹಚ್ಚಬೇಡಿ, ಬುಡದಿಂದ ಒಂದೂವರೆ ಅಡಿ ಸಾಕು.

ಉಳಿಬಾಚಿ
ಸರಿಯಾಗಿದೆ ಅಕ್ಕ. ಕಲ್ಲಿಗೂ ಕಂಬಕ್ಕೂ ನಡುವೆ ಒಂದು ತುಂಡು ದಪ್ಪ ತಗಡು ಇಡಿ. ಕಲ್ಲಿನ ತೇವ ಮೇಲೆ ಏರುವುದಿಲ್ಲ, ಒರಲೆ ಬಂದರೂ ತಗಡಿನ ಅಂಚು ಸುತ್ತಿ ಬರಬೇಕು, ಕಣ್ಣಿಗೆ ಬೀಳುತ್ತದೆ. ಅಂಚನ್ನು ಎರಡು ಬೆರಳು ಹೊರಗೆ ಬಿಟ್ಟು ಕೆಳಕ್ಕೆ ಬಾಗಿಸಿ. ಹಲಗೆ ಬಿಚ್ಚಿದಾಗ ಅದರ ತುದಿಗೆ ಎಣ್ಣೆ ಕುಡಿಸುವುದು ಮರೆಯಬೇಡಿ. ತಟ್ಟೆಯಲ್ಲಿ ಎಣ್ಣೆ ಹಾಕಿ ತುದಿಯನ್ನು ಅದರಲ್ಲೇ ನಿಲ್ಲಿಸಿ ಬಿಡಿ, ಎಷ್ಟು ಬೇಕೋ ಅಷ್ಟು ಅದೇ ಎಳೆದುಕೊಳ್ಳುತ್ತದೆ.

ಜೇನುಗೂಡು
ಗೇರೆಣ್ಣೆ ಹಚ್ಚುವ ದಿನವೂ ಪೆಟ್ಟಿಗೆ ದೂರ ಇರಲಿ.

ಶೀಟ್‌ಶೆಟ್ರು
ತಗಡು ಬೇಕಾದರೆ ಹೇಳಿ ಅಕ್ಕ, ನಮ್ಮಲ್ಲಿ ಕೊಯ್ದು ಉಳಿದ ತುಂಡುಗಳಿವೆ. ಸಾಗರದ ಸಂತೆ ದಿನ ಬಂದರೆ ಕೊಡುತ್ತೇನೆ, ದುಡ್ಡು ಬೇಡ.